ನ್ಯೂಯಾರ್ಕಿನ ಬಟ್ಟೆ ಅಂಗಡಿಗಳ ಜಗಲಿಯಲ್ಲಿ

ನ್ಯೂಯಾರ್ಕ್ ನೋಡಲು ಹೋದವರು ಸಾಮಾನ್ಯವಾಗಿ ಸ್ವಾತಂತ್ರ್ಯ ದೇವಿಯ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ, ಟೈಮ್ಸ್ ಸ್ಕ್ವೇರಿನ ದೀಪಗಳನ್ನು ನೋಡಿ ಬರುತ್ತಾರೆ. ನಾನೂ ನನ್ನಾಕೆಯೂ ಮೊದಲ ಸಲ ಮಗನ ಮನೆಗೆ ಹೋದಾಗ ಇವನ್ನೆಲ್ಲ ನೋಡಿ ಮುಗಿಸಿದ್ದೆವು. ಎರಡನೇ ಸಲ ಹೋದಾಗ ಊರು ತೋರಿಸುವ ಕೆಲಸ ಹದಿನಾಲ್ಕು ವರ್ಷದ ಮೊಮ್ಮಗನ ಪಾಲಿಗೆ ಬಂತು. ಅವನು ಆರಿಸಿಕೊಂಡದ್ದು ಬಟ್ಟೆ ಅಂಗಡಿಗಳನ್ನು.

“ಟೀ ಶರ್ಟ್ ನೋಡೋಕೆ ನ್ಯೂಜೆರ್ಸಿಯಿಂದ ರೈಲು ಹತ್ತಬೇಕೇನೋ?” ಎಂದು ಕೇಳಿದೆ.

“ಬರೀ ಅಂಗಡಿ ಅಲ್ಲ ತಾತ, ಅದೊಂದು ಕಲ್ಚರ್” ಎಂದ. ನನ್ನ ಮುಖದಲ್ಲಿ ಉತ್ಸಾಹ ಕಾಣದಿದ್ದಾಗ ಇನ್ನೊಂದು ಮಾತು ಸೇರಿಸಿದ: “ಅದರಲ್ಲಿ ಒಂದು ಅಂಗಡಿ ಇರೋದು ಹಳೇ ಬ್ಯಾಂಕ್ ಬಿಲ್ಡಿಂಗ್‌ನಲ್ಲಿ.”

ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರ್ ಹಿಂದೆ ಕುಳಿತವನಿಗೆ ಎಂಥ ಗಾಳ ಹಾಕಬೇಕೆಂದು ಹುಡುಗನಿಗೆ ಗೊತ್ತಿತ್ತು. ಆಗಸ್ಟ್ ಕೊನೆಯ ಒಂದು ಗುರುವಾರ ಬೆಳಿಗ್ಗೆ, ಅವನಜ್ಜಿ ಕಟ್ಟಿಕೊಟ್ಟ ಚಪಾತಿ ಪಲ್ಯದ ಡಬ್ಬಿ ಹಿಡಿದು ಇಬ್ಬರೂ ಹೊರಟೆವು.

ಈ ಪ್ರಯಾಣದ ಹಿಂದೆ ಅವನದೂ ಒಂದು ಲೆಕ್ಕವಿತ್ತು. ಮುಂದಿನ ವಾರ ಹೈಸ್ಕೂಲು ಶುರು. ಮಗ ಕೆಲಸ ಬದಲಿಸಿದ್ದರಿಂದ ಊರು ಹೊಸದು, ಶಾಲೆ ಹೊಸದು, ಗೆಳೆಯರು ಇನ್ನೂ ಒಬ್ಬರೂ ಇಲ್ಲ. ಆ ಊರಿನ ಈಜುಕೊಳದ ಬಳಿ ಕೆಲವು ಹುಡುಗರು ಕೆಂಪು ಪಟ್ಟಿಯಲ್ಲಿ ಬಿಳಿ ಅಕ್ಷರದಿಂದ ‘ಸುಪ್ರೀಂ’ ಎಂದು ಬರೆದ ಅಂಗಿ ತೊಟ್ಟಿದ್ದನ್ನು ಅವನು ನೋಡಿದ್ದ. ಅಂಥದ್ದೊಂದು ತನ್ನ ಮೈಮೇಲೂ ಇದ್ದರೆ ಮೊದಲ ದಿನ ಯಾರಾದರೂ ಮಾತಾಡಿಸಿಯಾರು ಎಂಬ ಆಸೆ. ಹುಟ್ಟುಹಬ್ಬಕ್ಕೆ ಬಂದಿದ್ದ 60 ಡಾಲರ್ ಜೇಬಿನಲ್ಲಿ ಭದ್ರವಾಗಿತ್ತು. ಸದ್ಯಕ್ಕೆ ಮೈಮೇಲೆ ಇದ್ದದ್ದು ನಾವು ಬೆಂಗಳೂರಿನಿಂದ ಒಯ್ದಿದ್ದ ಹಳದಿ ಟೀ ಶರ್ಟು. ಅದರ ಎದೆಯ ಮೇಲೆ ಕನ್ನಡದ ಪೂರಾ ವರ್ಣಮಾಲೆ. ಅಜ್ಜಿಗೆ ಬೇಸರವಾಗಬಾರದೆಂದು ಹಾಕಿಕೊಂಡಿದ್ದ.

ನನ್ನ ವಯಸ್ಸಿನ ಓದುಗರಿಗಾಗಿ ಒಂದು ಮಾತು. ಅವನು ತೋರಿಸಲು ಹೊರಟದ್ದು ‘ಸ್ಟ್ರೀಟ್‌ವೇರ್’ ಅಂಗಡಿಗಳನ್ನು. ಎಂದರೆ ಬೀದಿಯ ಉಡುಪು. ಟೀ ಶರ್ಟು, ಬೆನ್ನಿಗೆ ಟೋಪಿ ಹೊಲಿದ ದಪ್ಪ ಅಂಗಿ, ಸಡಿಲ ಪ್ಯಾಂಟು, ಕ್ಯಾನ್ವಾಸ್ ಬೂಟು, ಇಷ್ಟೇ. ಇದನ್ನು ಪ್ಯಾರಿಸ್ಸಿನ ದೊಡ್ಡ ದರ್ಜಿಗಳು ಕಂಡುಹಿಡಿಯಲಿಲ್ಲ. ಸಮುದ್ರದ ಅಲೆಗಳ ಮೇಲೆ ಹಲಗೆ ಹಿಡಿದು ತೇಲುವವರು, ಚಕ್ರದ ಹಲಗೆಯ ಮೇಲೆ ರಸ್ತೆಯಲ್ಲಿ ಜಾರುವವರು, ಬೀದಿ ಬದಿಯಲ್ಲಿ ಪ್ರಾಸ ಕಟ್ಟಿ ರ‍್ಯಾಪ್ ಹಾಡುವವರು ತಮಗೆ ಅನುಕೂಲವಾದದ್ದನ್ನು ತೊಟ್ಟರು. ಜಗತ್ತು ಅವರನ್ನು ನೋಡಿ ತೊಟ್ಟಿತು.

ಮೇಲೆತ್ತಿದ ಬೂಟುಗಳು

ನಮ್ಮ ರೈಲು ನಿಂತದ್ದು ಪೆನ್ ಸ್ಟೇಷನ್ನಿನಲ್ಲಿ. ನೆಲದಡಿಯ ಈ ನಿಲ್ದಾಣದ ಸರಿಯಾಗಿ ನೆತ್ತಿಯ ಮೇಲೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಒಳಾಂಗಣ ಕ್ರೀಡಾಂಗಣವಿದೆ. “ಮೊದಲನೇ ಕಥೆ ಇಲ್ಲೇ ತಾತ” ಎಂದು ಮೊಮ್ಮಗ ಚಾವಣಿ ತೋರಿಸಿದ.

ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಹಾಲಿಸ್ ಎಂಬ ಬಡಾವಣೆಯಿದೆ. ಅಲ್ಲಿನ ಮೂವರು ಕಪ್ಪು ಹುಡುಗರು ಸೇರಿ ‘ರನ್ ಡಿಎಂಸಿ’ ಎಂಬ ರ‍್ಯಾಪ್ ತಂಡ ಕಟ್ಟಿದ್ದರು. ವೇದಿಕೆಗೆಂದು ಮಿರಿಮಿರಿ ಮಿಂಚುವ ಉಡುಪು ಹೊಲಿಸದೆ, ತಮ್ಮ ಬೀದಿಯಲ್ಲಿ ತೊಡುತ್ತಿದ್ದ ಬಟ್ಟೆಯಲ್ಲೇ ಹಾಡಿದರು. ಕಾಲಿಗೆ ಮೂರು ಪಟ್ಟಿಯ ಅಡಿಡಾಸ್ ಬೂಟು, ಅದಕ್ಕೆ ಲೇಸೂ ಇಲ್ಲ. 1986ರಲ್ಲಿ ಆ ಬೂಟಿನ ಮೇಲೆಯೇ ಒಂದು ಹಾಡು ಮಾಡಿದರು. ಅದೇ ಜುಲೈನಲ್ಲಿ ಈ ಕ್ರೀಡಾಂಗಣದ ಕಾರ್ಯಕ್ರಮದಲ್ಲಿ ಹಾಡಿನ ನಡುವೆ, “ನಿಮ್ಮ ಬೂಟು ಎತ್ತಿ ತೋರಿಸಿ” ಎಂದು ಸಭಿಕರನ್ನು ಕೇಳಿದರು. ಸಾವಿರಾರು ಬೂಟುಗಳು ಗಾಳಿಯಲ್ಲಿ ಎದ್ದವು. ಜರ್ಮನಿಯ ಆ ಕಂಪನಿಯ ಒಬ್ಬ ಅಧಿಕಾರಿ ಸಭೆಯಲ್ಲಿದ್ದು ಇದನ್ನು ಕಣ್ಣಾರೆ ಕಂಡರು. ಸ್ವಲ್ಪ ಸಮಯದಲ್ಲೇ ಕಂಪನಿ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿತು. ಆಟಗಾರರಲ್ಲದವರಿಗೆ ಬೂಟಿನ ಕಂಪನಿ ಹಣ ಕೊಡುವುದು ಆಗ ಹೊಸ ಸಂಗತಿ.

ಗಮನಿಸಿ ಮಕ್ಕಳೇ, ಇಲ್ಲಿ ಕಂಪನಿ ಮೊದಲು ಬರಲಿಲ್ಲ. ಬೀದಿಯ ಹುಡುಗರು ಒಂದು ಬೂಟನ್ನು ತಮ್ಮ ಗುರುತು ಮಾಡಿಕೊಂಡ ಮೇಲೆ ಕಂಪನಿ ಬಂತು.

ರಾತ್ರಿಯಿಡೀ ತೆರೆದಿದ್ದ ಅಂಗಡಿ

ಪೆನ್ ಸ್ಟೇಷನ್ನಿನಿಂದ ಸುರಂಗ ರೈಲು ಹತ್ತಿ ಉತ್ತರಕ್ಕೆ ಹೋದರೆ 125ನೇ ಬೀದಿ. ಇದು ಹಾರ್ಲೆಮ್, ಅಮೆರಿಕದ ಕಪ್ಪು ಜನರ ಸಂಗೀತ, ಸಾಹಿತ್ಯ, ಹೋರಾಟಗಳಿಗೆ ತವರಿನಂಥ ಜಾಗ. ಬೀದಿಗೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರೂ ಇದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಊದುಕಡ್ಡಿಯ ವಾಸನೆ! ಕಾಲುದಾರಿಯ ಮೇಲೆ ಮೇಜು ಹಾಕಿ ಊದುಬತ್ತಿ, ಸುಗಂಧ ತೈಲ, ಟೋಪಿ ಮಾರುತ್ತಿದ್ದರು. ನನಗೆ ಚಿಕ್ಕಪೇಟೆಯ ನೆನಪಾಯಿತು. ಪಶ್ಚಿಮಕ್ಕೆ ಹೋದರೆ ಪ್ರಸಿದ್ಧ ಅಪೋಲೋ ರಂಗಮಂದಿರ. ನಾವು ಪೂರ್ವಕ್ಕೆ ತಿರುಗಿ, ಐದನೇ ಅವೆನ್ಯೂ ದಾಟಿ, ಮ್ಯಾಡಿಸನ್ ಅವೆನ್ಯೂ ಬರುವುದಕ್ಕೆ ಮೊದಲೇ ನಿಂತೆವು.

ಇಲ್ಲಿ 43ನೇ ನಂಬರಿನಲ್ಲಿ 1982ರಲ್ಲಿ ಡೇನಿಯಲ್ ಡೇ ಎಂಬವರು ಒಂದು ಬಟ್ಟೆ ಅಂಗಡಿ ತೆರೆದರು. ಜನ ಅವರನ್ನು ಕರೆಯುವುದು ಡ್ಯಾಪರ್ ಡ್ಯಾನ್ ಎಂದು. ನಮ್ಮಲ್ಲಾದರೆ ‘ಠಾಕುಠೀಕು ಡ್ಯಾನಣ್ಣ’ ಎನ್ನುತ್ತಿದ್ದರೇನೋ. ಹುಟ್ಟಿ ಬೆಳೆದದ್ದು ಹಾರ್ಲೆಮ್ಮಿನಲ್ಲೇ. ಹೊಲಿಗೆ ಶಾಲೆಗೆ ಹೋದವರಲ್ಲ. ಆಫ್ರಿಕಾ ಪ್ರವಾಸದಲ್ಲಿ ಅಲ್ಲಿನ ದರ್ಜಿಗಳ ಕೈಚಳಕ ಕಂಡು ಮರುಳಾದವರು.

ಆ ಕಾಲದಲ್ಲಿ ಹಾರ್ಲೆಮ್ಮಿನ ಒಬ್ಬ ಕಪ್ಪು ಯುವಕ ಕೈಯಲ್ಲಿ ಹಣ ಹಿಡಿದು ನಗರದ ಶ್ರೀಮಂತ ಬೀದಿಯ ಅಂಗಡಿಗೆ ಹೋದರೂ, ಕಾವಲುಗಾರ ಬೆನ್ನ ಹಿಂದೆಯೇ ಸುತ್ತುವುದು ಸಾಮಾನ್ಯವಾಗಿತ್ತು. ಡ್ಯಾನ್ ಅವರಿಗೂ ದೊಡ್ಡ ಕಂಪನಿಗಳು ಸಗಟು ಮಾಲು ಕೊಡಲು ಒಪ್ಪಲಿಲ್ಲ. ಆಗ ಅವರು ತಾವೇ ಚರ್ಮದ ಮೇಲೆ ಸ್ಕ್ರೀನ್ ಪ್ರಿಂಟಿಂಗ್ ಮಾಡುವುದನ್ನು ಕಲಿತರು. ಗುಚ್ಚಿ, ಫೆಂಡಿ, ಲೂಯಿ ವಿಟಾನ್ ಮುಂತಾದ ಕಂಪನಿಗಳ ಮುದ್ರೆಗಳನ್ನು ದೊಡ್ಡದಾಗಿ ಅಚ್ಚು ಹಾಕಿ, ಆ ಕಂಪನಿಗಳು ಕನಸಿನಲ್ಲೂ ಹೊಲಿಯದಂಥ ಜಾಕೆಟ್ಟು, ಕೋಟುಗಳನ್ನು ಹೊಲಿಸಿದರು. ದರ್ಜಿಗಳಲ್ಲಿ ಅನೇಕರು ಸೆನೆಗಲ್ ಕಡೆಯಿಂದ ಬಂದವರು. ಅಳತೆ ಕೊಟ್ಟವರ ಮೈಗೆ, ಮನಸ್ಸಿಗೆ ತಕ್ಕಂತೆ ಒಂದೊಂದು ಉಡುಪೂ ಬೇರೆ. ಕಾರಿನ ಸೀಟಿನ ಹೊದಿಕೆಯನ್ನೂ ಹೊಲಿದುಕೊಟ್ಟದ್ದುಂಟು.

ಅಂಗಡಿಗೆ ಬಾಗಿಲು ಹಾಕುವ ಹೊತ್ತೇ ಇರಲಿಲ್ಲ. ವರ್ಷಗಟ್ಟಲೆ ದಿನದ 24 ಗಂಟೆಯೂ ತೆರೆದಿತ್ತು. ರಾತ್ರಿ ಹಾಡಿನ ಕಾರ್ಯಕ್ರಮ ಮುಗಿಸಿದವರು ನೇರ ಇಲ್ಲಿಗೇ ಬರುತ್ತಿದ್ದರು. ಬಂದವರೆಲ್ಲ ಸಾಚಾ ಮನುಷ್ಯರೇನಲ್ಲ. ಜೂಜಿನವರು, ಕಳ್ಳ ವ್ಯಾಪಾರದವರೂ ಗಿರಾಕಿಗಳಾಗಿದ್ದರು. ಆದರೆ ಇವತ್ತು ಜಗತ್ತು ಬಲ್ಲ ರ‍್ಯಾಪ್ ಹಾಡುಗಾರರ ಹಳೆಯ ಫೋಟೋಗಳನ್ನು ನೋಡಿ, ಎಷ್ಟೋ ಜನರ ಮೈಮೇಲೆ ಇದೇ ಅಂಗಡಿಯ ಜಾಕೆಟ್ಟು. 1988ರ ಆಗಸ್ಟಿನಲ್ಲಿ ಬೆಳಗಿನ ಜಾವ ಮೈಕ್ ಟೈಸನ್ ಈ ಅಂಗಡಿಯ ಮುಂದೆಯೇ ಇನ್ನೊಬ್ಬ ಬಾಕ್ಸರ್ ಮಿಚ್ ಗ್ರೀನ್ ಜೊತೆ ಕೈಕೈ ಮಿಲಾಯಿಸಿ, ಕೈಮೂಳೆ ಮುರಿದುಕೊಂಡು ಸುದ್ದಿಯಾದ. ಬಾಕ್ಸರ್ ಆ ಹೊತ್ತಿನಲ್ಲಿ ಬಟ್ಟೆ ಅಂಗಡಿಗೆ ಏಕೆ ಹೋಗಿದ್ದ ಎಂದು ಪತ್ರಿಕೆಗಳು ಕೇಳಿದವು. ಅಂಗಡಿಯ ಹೆಸರು ದೊಡ್ಡ ಕಂಪನಿಗಳ ಕಿವಿಗೂ ಬಿತ್ತು.

ಮುಂದೆ ವಕೀಲರು ಬಂದರು. ದಾಳಿಗಳಾದವು, ಮಾಲು ಜಪ್ತಿಯಾಯಿತು. ಫೆಂಡಿ ಕಂಪನಿಯ ಪರ ನಿಂತ ವಕೀಲೆ ಸೋನಿಯಾ ಸೊಟೊಮೇಯರ್. ಅವರೇ 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. 1992ರಲ್ಲಿ ಅಂಗಡಿ ಮುಚ್ಚಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1989ರಲ್ಲಿ ಡ್ಯಾನ್ ಒಲಿಂಪಿಕ್ ಓಟಗಾರ್ತಿ ಡಯೇನ್ ಡಿಕ್ಸನ್ ಅವರಿಗೆ ಬಲೂನಿನಂತೆ ಉಬ್ಬಿದ ತೋಳಿನ ಒಂದು ಜಾಕೆಟ್ ಹೊಲಿದುಕೊಟ್ಟಿದ್ದರು. 2017ರಲ್ಲಿ ಇಟಲಿಯ ಗುಚ್ಚಿ ಕಂಪನಿ ತನ್ನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಜಾಕೆಟ್ ತಂದಿತು. ಜನ ಸುಮ್ಮನಿರಲಿಲ್ಲ. ಅಂದು ಅವರು ನಿಮ್ಮ ಮುದ್ರೆ ತೆಗೆದುಕೊಂಡರೆಂದು ನೀವೆಲ್ಲ ಅಂಗಡಿ ಮುಚ್ಚಿಸಿದಿರಿ, ಇಂದು ನೀವು ಅವರ ತೋಳನ್ನೇ ತೆಗೆದುಕೊಂಡಿರಲ್ಲ ಎಂದು ಕೇಳಿದರು. ಕಂಪನಿ ಡ್ಯಾನ್ ಅವರೊಂದಿಗೆ ಕೈಜೋಡಿಸಿತು. 2018ರ ಆರಂಭದಲ್ಲಿ ಹಾರ್ಲೆಮ್ಮಿನಲ್ಲೇ ಅವರ ಹೊಲಿಗೆಮನೆ ಮತ್ತೆ ತೆರೆಯಿತು, ಈ ಸಲ ಗುಚ್ಚಿಯೇ ಕಳಿಸಿದ ಬಟ್ಟೆಯೊಂದಿಗೆ. ಆಗ ಅವರಿಗೆ ಎಪ್ಪತ್ತು ದಾಟಿತ್ತು.

“ಹಾಗಾದ್ರೆ ಕಳ್ಳ ಯಾರು ತಾತ?” ಎಂದ ಮೊಮ್ಮಗ.

ಬ್ಯಾಂಕಿನವನಾಗಿ ಇನ್ನೊಬ್ಬರ ಮುದ್ರೆಯನ್ನು ಒಪ್ಪಿಗೆಯಿಲ್ಲದೆ ಒತ್ತುವುದನ್ನು ಸರಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಕಾನೂನು ಕಂಪನಿಗಳ ಕಡೆಗಿತ್ತು. “ಮುದ್ರೆ ಕಂಪನಿಯದ್ದು ಕಣೋ. ಆದರೆ ಆ ಜನರಿಗೆ ಬಾಗಿಲು ತೆಗೆದವರು ಡ್ಯಾನ್” ಎಂದೆ. ಅವನು ತುಸು ಹೊತ್ತು ಯೋಚಿಸಿ, “ಇಬ್ಬರೂ ಮೊದಲೇ ಮಾತಾಡಿಕೊಂಡಿದ್ರೆ ಚೆನ್ನಾಗಿತ್ತು” ಎಂದ. ನ್ಯಾಯಾಧೀಶರೂ ಇದಕ್ಕಿಂತ ಹೆಚ್ಚೇನು ಹೇಳಿಯಾರು?

ಹಳೆಯ ಅಂಗಡಿ ಈಗ ಅಲ್ಲಿಲ್ಲ. ಆದರೂ ಅಲ್ಲಿ ನಿಂತು ಮೊಮ್ಮಗ ಒಂದು ಫೋಟೋ ತೆಗೆದುಕೊಂಡ.

ಸಹಿಯೇ ಗುರುತಾದ ಬಗೆ

ಲೆಕ್ಸಿಂಗ್ಟನ್ ಅವೆನ್ಯೂವರೆಗೆ ನಡೆದು, 6ನೇ ನಂಬರಿನ ರೈಲು ಹತ್ತಿ ದಕ್ಷಿಣಕ್ಕೆ ಹೊರಟೆವು. ದಾರಿಯಲ್ಲಿ ಮೊಮ್ಮಗ ಇನ್ನೊಂದು ಕಥೆ ಹೇಳಿದ. ಕ್ಯಾಲಿಫೋರ್ನಿಯಾದ ಲಗೂನಾ ಬೀಚಿನಲ್ಲಿ ಶಾನ್ ಸ್ಟಸ್ಸಿ ಎಂಬ ಯುವಕ ಅಲೆಗಳ ಮೇಲೆ ತೇಲುವ ಹಲಗೆಗಳನ್ನು ಮಾಡಿ, ಪ್ರತಿಯೊಂದರ ಮೇಲೂ ದಪ್ಪ ಮಾರ್ಕರಿನಲ್ಲಿ ಸಹಿ ಹಾಕುತ್ತಿದ್ದ. 1980ರ ದಶಕದಲ್ಲಿ ಅದೇ ಸಹಿಯನ್ನು ಟೀ ಶರ್ಟಿಗೂ ಅಚ್ಚು ಹಾಕಿದ. ಹಲಗೆಗಿಂತ ಅಂಗಿಯೇ ಹೆಚ್ಚು ಹೆಸರಾಯಿತು. ಲಂಡನ್, ಟೋಕಿಯೊ, ನ್ಯೂಯಾರ್ಕುಗಳಲ್ಲಿ ತನ್ನಂತೆಯೇ ಸಂಗೀತ, ಬಟ್ಟೆ, ಆಟಗಳ ಹುಚ್ಚಿದ್ದ ಗೆಳೆಯರಿಗೆ ಹೆಸರು ಕಸೂತಿ ಹಾಕಿಸಿದ ಜಾಕೆಟ್ ಕೊಟ್ಟ. ಜಾಹೀರಾತಿನ ಕೆಲಸವನ್ನು ಆ ಗೆಳೆತನವೇ ಮಾಡಿತು.

ಆ ಬಳಗದ ಟೋಕಿಯೊ ಗೆಳೆಯ ಹಿರೋಶಿ ಫುಜಿವಾರಾ. ಅವರ ಪ್ರಭಾವದಲ್ಲಿ ಬೆಳೆದ ಇಬ್ಬರು ಯುವಕರು, ಜುನ್ ತಾಕಹಾಶಿ ಮತ್ತು ನೀಗೊ, 1993ರಲ್ಲಿ ಟೋಕಿಯೊದ ಹರಾಜುಕು ಬಡಾವಣೆಯ ಹಿಂಬದಿ ಓಣಿಯಲ್ಲಿ ಪುಟ್ಟ ಅಂಗಡಿ ತೆರೆದರು. ಅದರ ಹೆಸರು ‘ನೋವೇರ್’, ‘ಎಲ್ಲಿಯೂ ಇಲ್ಲ’ ಎಂದರ್ಥ. ಎಲ್ಲಿಯೂ ಇಲ್ಲದ ಆ ಅಂಗಡಿ ಹುಡುಕಿಕೊಂಡು ಬಂದ ಹುಡುಗರಿಂದ ಆ ಓಣಿಗಳೇ ಪ್ರಸಿದ್ಧವಾದವು.

ಬ್ಯಾಂಕಿನಲ್ಲಿ ನಾವು ಪ್ರತಿ ಗಿರಾಕಿಯ ಮಾದರಿ ಸಹಿಯನ್ನು ಕಾರ್ಡಿನಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಚೆಕ್ಕು ಬಂದರೆ ತಾಳೆ ನೋಡುವುದು. ಸಹಿ ತಾಳೆಯಾದರೆ ಮಾತ್ರ ಸಾಲದು, ಖಾತೆಯಲ್ಲಿ ಹಣವೂ ಇರಬೇಕು. ಈ ಅಂಗಿಗಳ ಮೇಲಿನ ಸಹಿಯೂ ಹಾಗೆಯೇ ಎಂದು ನನಗೆ ರೈಲಿನಲ್ಲಿ ಅನಿಸಿತು. ಹಿಂದೆ ಗೆಳೆತನ ಜಮೆಯಾಗಿದ್ದರಿಂದ ಅದಕ್ಕೆ ಬೆಲೆ.

ನಡುವೆ ಖಾಲಿ ಬಿಟ್ಟ ನೆಲ

ಸ್ಪ್ರಿಂಗ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದು ಲಫಾಯೆಟ್ ಬೀದಿಯಲ್ಲಿ ಸ್ವಲ್ಪ ಉತ್ತರಕ್ಕೆ ನಡೆದರೆ 274ನೇ ನಂಬರು. 1994ರ ಏಪ್ರಿಲಿನಲ್ಲಿ ‘ಸುಪ್ರೀಂ’ ಹುಟ್ಟಿದ್ದು ಇಲ್ಲಿ. ತೆರೆದವರು ಇಂಗ್ಲೆಂಡಿನಲ್ಲಿ ಬೆಳೆದ ಜೇಮ್ಸ್ ಜೆಬ್ಬಿಯಾ. ಶಾನ್ ಸ್ಟಸ್ಸಿಯ ನ್ಯೂಯಾರ್ಕ್ ಅಂಗಡಿ ನಡೆಸಿದ ಅನುಭವ ಅವರಿಗಿತ್ತು. ಸ್ವತಃ ಸ್ಕೇಟ್‌ಬೋರ್ಡ್ ಆಡುವವರಲ್ಲ, ಆದರೆ ಆಡುವ ಹುಡುಗರ ಗತ್ತು, ಉಡುಪು ಅವರಿಗೆ ಇಷ್ಟ.

ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಪುಟ್ಟ ಚಕ್ರದ ಹಲಗೆ. ಮೆಟ್ಟಿಲು, ಕಟ್ಟೆ, ಕಂಬಿ ಕಂಡಲ್ಲೆಲ್ಲ ಹಾರುವ ಈ ಹುಡುಗರನ್ನು ಎಲ್ಲರೂ ಓಡಿಸುವವರೇ. ಕಟ್ಟಡದ ಕಾವಲುಗಾರ ಓಡಿಸುತ್ತಾನೆ, ಪೊಲೀಸ್ ಓಡಿಸುತ್ತಾನೆ, ನಮ್ಮಂಥ ಮುದುಕರು ಬೈಯುತ್ತೇವೆ. ಜೆಬ್ಬಿಯಾ ಏನು ಮಾಡಿದರು ಗೊತ್ತೇ? ಬಟ್ಟೆಯನ್ನೆಲ್ಲ ಗೋಡೆಯ ಬದಿಗೆ ಜೋಡಿಸಿ ಅಂಗಡಿಯ ನಡುಭಾಗವನ್ನು ಖಾಲಿ ಬಿಟ್ಟರು. ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು, ಹಲಗೆಯ ಮೇಲಿಂದ ಇಳಿಯದೆಯೇ ಒಳಕ್ಕೆ ಜಾರಿ ಬರಬಹುದಿತ್ತು. ಕೆಲಸಕ್ಕೆ ಇಟ್ಟುಕೊಂಡದ್ದೂ ಅಂಥ ಹುಡುಗರನ್ನೇ. ಅದು ಅವರ ಅಡ್ಡೆಯಾಯಿತು. ಮಳೆ ಬಂದರೆ ನಿಲ್ಲಲು, ಗೆಳೆಯರನ್ನು ಕಾಯಲು, ಸುಮ್ಮನೆ ಹರಟಲು ಒಂದು ಜಾಗ.

ಅಂಗಡಿಯ ಬಾಡಿಗೆಯನ್ನು ಅಡಿ ಲೆಕ್ಕದಲ್ಲಿ ಕಟ್ಟುತ್ತಾರೆ. ಆ ಖಾಲಿ ನೆಲದಲ್ಲಿ ಇನ್ನೂ ನಾಲ್ಕು ಕಪಾಟು ಹಿಡಿಸುತ್ತಿತ್ತು. ಜಮಾ ಖರ್ಚಿನಲ್ಲಿ ಅದು ನಷ್ಟ. ಆದರೆ ಮುಂದೆ ಬಂದ ಲಾಭವೆಲ್ಲ ಆ ಖಾಲಿ ಜಾಗದಿಂದಲೇ ಬಂತು ಎಂದು ನಾನು ಎಣಿಸುತ್ತೇನೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹುಡುಗರಿಗೆ ಮನೆಯಾದ ಆ ಅಂಗಡಿ ಹೊರಗಿನವರಿಗೆ ಅಷ್ಟೇನೂ ಸಲೀಸಾಗಿರಲಿಲ್ಲ. ಮಡಚಿಟ್ಟ ಬಟ್ಟೆ ಮುಟ್ಟಿದರೆ ಗದರುವುದಕ್ಕೆ ಅಲ್ಲಿನ ಹುಡುಗರು ಹೆಸರಾಗಿದ್ದರು. ನಮ್ಮ ಗುಂಪು ಎಂದು ಒಂದು ಗೆರೆ ಎಳೆದ ಕೂಡಲೇ ಗೆರೆಯಾಚೆ ಯಾರೋ ಒಬ್ಬರು ಉಳಿಯುತ್ತಾರೆ. ನನ್ನ ಮೊಮ್ಮಗ ಈಜುಕೊಳದ ಬಳಿ ನಿಂತದ್ದು ಆ ಗೆರೆಯಾಚೆಯೇ ಅಲ್ಲವೇ?

ಬ್ಯಾಂಕಿನ ಕಟ್ಟಡದಲ್ಲಿ

ಸುಪ್ರೀಂ ಈಗ ಲಫಾಯೆಟ್ ಬೀದಿಯಲ್ಲಿಲ್ಲ. 2019ರಲ್ಲಿ ಬೌರಿ ರಸ್ತೆಯ 190ನೇ ನಂಬರಿಗೆ, ಸ್ಪ್ರಿಂಗ್ ಬೀದಿ ಬೌರಿಯನ್ನು ಸೇರುವ ಮೂಲೆಗೆ ಹೋಯಿತು. ಕಟ್ಟಡ ಕಂಡ ಕೂಡಲೇ ನನ್ನ ಕಾಲು ತಾನಾಗಿ ನಿಂತಿತು. ಆರು ಅಂತಸ್ತಿನ ಭಾರೀ ಕಲ್ಲುಕಟ್ಟಡ. ಹಣ ಇಟ್ಟರೆ ಎಲ್ಲಿಗೂ ಹೋಗದು ಎಂದು ನೋಡಿದವರಿಗೆ ಧೈರ್ಯ ಬರುವಂಥ ನಿಲುವು.

ಇದು 1898–99ರಲ್ಲಿ ಜರ್ಮೇನಿಯಾ ಬ್ಯಾಂಕಿಗಾಗಿ ಕಟ್ಟಿಸಿದ್ದು. ಸಮುದ್ರ ದಾಟಿ ಬಂದು ಈ ಭಾಗದಲ್ಲಿ ನೆಲೆಸಿದ್ದ ಜರ್ಮನರ ಬ್ಯಾಂಕು. ಭಾಷೆ ಬಾರದ ಊರಿನಲ್ಲಿ ತಮ್ಮವರೇ ಕುಳಿತ ಕೌಂಟರು ಎಂದರೆ ಎಂಥ ಸಮಾಧಾನ! ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳನ್ನೂ, 1928ರಲ್ಲಿ ಮನೆಬಾಗಿಲಿಗೆ ಹೋಗಿ ಎರಡಾಣೆ ಸಂಗ್ರಹಿಸಲು ಶುರುವಾದ ಪಿಗ್ಮಿ ಠೇವಣಿಯನ್ನೂ ನೆನೆದುಕೊಂಡೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಜರ್ಮನಿಯ ವಿರುದ್ಧ ನಿಂತಾಗ ಜರ್ಮನ್ ಹೆಸರೇ ಭಾರವಾಗಿ, 1918ರಲ್ಲಿ ಬ್ಯಾಂಕು ತನ್ನ ಹೆಸರನ್ನು ಕಾಮನ್‌ವೆಲ್ತ್ ಎಂದು ಬದಲಿಸಿಕೊಂಡಿತು. ಒಂದು ಬೋರ್ಡಿನ ಮೇಲಿನ ಅಕ್ಷರಕ್ಕೆ ಎಷ್ಟೊಂದು ಶಕ್ತಿ, ನೋಡಿ.

ಬ್ಯಾಂಕು ಹೋದ ಮೇಲೆ, 1966ರಲ್ಲಿ ಜೇ ಮೈಸೆಲ್ ಎಂಬ ಛಾಯಾಗ್ರಾಹಕರು 72 ಕೋಣೆಗಳ ಇಡೀ ಕಟ್ಟಡವನ್ನು 1 ಲಕ್ಷ 2 ಸಾವಿರ ಡಾಲರಿಗೆ ಕೊಂಡು, ಹೆಂಡತಿ ಮಗಳೊಂದಿಗೆ ಅದರಲ್ಲೇ ವಾಸವಾಗಿದ್ದರು. ಹೊರಗೋಡೆಯ ತುಂಬ ಬೀದಿ ಚಿತ್ರಗಾರರು ಬಣ್ಣದಲ್ಲಿ ತಮ್ಮ ಹೆಸರು ಗೀಚಿದರು. ಸುಮಾರು ಅರ್ಧ ಶತಮಾನದ ಮೇಲೆ ಅದು ಮಾರಾಟವಾದಾಗ ಬಂದ ಬೆಲೆ ಐದೂವರೆ ಕೋಟಿ ಡಾಲರ್. ಬ್ಯಾಂಕಿನಲ್ಲಿ ಠೇವಣಿ ಇಡುವುದಕ್ಕಿಂತ ಬ್ಯಾಂಕನ್ನೇ ಕೊಳ್ಳುವುದು ಲಾಭ ಎಂದು ಮೊಮ್ಮಗನಿಗೆ ಹೇಳಿದೆ.

ಗುರುವಾರ ಹೊಸ ಮಾಲು ಬರುವ ದಿನ. ಸುಪ್ರೀಂ ನಡೆಯುವುದು ಹೀಗೆ: ಒಂದೊಂದು ವಾರ ಒಂದಿಷ್ಟು ಮಾಲು, ಅದೂ ಸ್ವಲ್ಪವೇ. ಮುಗಿದರೆ ಸಾಮಾನ್ಯವಾಗಿ ಮತ್ತೆ ತರಿಸುವುದಿಲ್ಲ. ಹೀಗಾಗಿ ಸಾಲು. ನಾವು ಹೋದಾಗ ಮಧ್ಯಾಹ್ನವಾಗಿತ್ತು, ಆದರೂ ಗೋಡೆಯುದ್ದಕ್ಕೆ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಹಿಂದೆ ನಮ್ಮ ಶಾಖೆಯಲ್ಲಿ ಹಿತ್ತಾಳೆ ಟೋಕನ್ ಕೊಟ್ಟು ಕೂರಿಸುತ್ತಿದ್ದೆವು. ಪಿಂಚಣಿ ದಿನ ಬೆಂಚಿನ ಮೇಲೆ ಮದುವೆ ಮಾತುಕತೆಗಳೇ ನಡೆದುಹೋಗುತ್ತಿದ್ದವು. ಇಲ್ಲಿಯೂ ಹಾಗೆಯೇ. ನಮ್ಮ ಮುಂದಿದ್ದವನು ದೂರದ ಊರಿನಿಂದ ಬಸ್ಸಿನಲ್ಲಿ ಬಂದವನು. ಹಿಂದಿದ್ದ ಇಬ್ಬರು ಹುಡುಗಿಯರು ಪರಸ್ಪರ ಪರಿಚಯವಾದದ್ದೇ ಇಂಥ ಒಂದು ಸಾಲಿನಲ್ಲಂತೆ. ಚಪಾತಿ ಡಬ್ಬಿ ತೆರೆದು ಅವರಿಗೂ ಒಂದೊಂದು ಕೊಟ್ಟೆ.

ಒಳಗೆ ಹೋದಾಗ ಮೊಮ್ಮಗನ ಅಳತೆಯ ಅಂಗಿ ಮುಗಿದುಹೋಗಿತ್ತು. ಹೊರಗೆ ಬಂದರೆ, ಅದೇ ಅಂಗಿಯನ್ನು ಬೆಳಿಗ್ಗೆಯೇ ಕೊಂಡಿದ್ದ ಒಬ್ಬ ಯುವಕ ಕಾಲುದಾರಿಯಲ್ಲಿ ನಿಂತು 150 ಡಾಲರಿಗೆ ಕೊಡುತ್ತೇನೆ ಎಂದ.

ಇಟ್ಟಿಗೆಗೂ ಬಂತು ಬೆಲೆ

ಮೊಮ್ಮಗ ನನ್ನ ಮುಖ ನೋಡಿದ. ನಾನು ಬೇಡ ಎನ್ನಲಿಲ್ಲ, ಕೊಡಿಸುತ್ತೇನೆ ಎಂದೂ ಹೇಳಲಿಲ್ಲ. ಪಕ್ಕದ ಕಟ್ಟೆಯ ಮೇಲೆ ಕುಳಿತು, ಅವನೇ ಹಿಂದೊಮ್ಮೆ ಹೇಳಿದ್ದ ಒಂದು ಕಥೆಯನ್ನು ಮತ್ತೆ ಹೇಳಲು ಕೇಳಿದೆ.

2016ರಲ್ಲಿ ಸುಪ್ರೀಂ ತನ್ನ ಹೆಸರೊತ್ತಿದ ಒಂದು ಇಟ್ಟಿಗೆ ಮಾರಿತು. ಹೌದು ಮಕ್ಕಳೇ, ಗೋಡೆ ಕಟ್ಟುವ ಇಟ್ಟಿಗೆ. ಬೆಲೆ 30 ಡಾಲರ್. ಅದೂ ಮುಗಿದುಹೋಯಿತು! ಕೊಂಡವರು ಅದನ್ನು ನೂರಾರು ಡಾಲರಿಗೆ ಮರುಮಾರಾಟಕ್ಕಿಟ್ಟರು. 2017ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಸುರಂಗ ರೈಲಿನ ಕಾರ್ಡಿನ ಮೇಲೆ ಈ ಹೆಸರು ಅಚ್ಚಾಯಿತು. ಎರಡು ಪ್ರಯಾಣದ ಆ ಕಾರ್ಡಿಗೆ ಐದೂವರೆ ಡಾಲರ್. ರೈಲಿಗಲ್ಲ, ಕಾರ್ಡಿಗಾಗಿ ಜನ ನಿಲ್ದಾಣಗಳಲ್ಲಿ ಸಾಲು ನಿಂತರು. ಅವೂ ಹಲವು ಪಟ್ಟು ಬೆಲೆಗೆ ಕೈ ಬದಲಾದವು.

ಕೊನೆಗೆ ಅಂಗಡಿಯೇ ಕೈ ಬದಲಾಯಿತು. 2020ರಲ್ಲಿ ವಿ.ಎಫ್. ಎಂಬ ದೊಡ್ಡ ಉಡುಪು ಕಂಪನಿ 210 ಕೋಟಿ ಡಾಲರಿಗೆ ಅದನ್ನು ಕೊಂಡಿತು. ನಾಲ್ಕೇ ವರ್ಷಕ್ಕೆ, 2024ರಲ್ಲಿ, ಕನ್ನಡಕ ಮಾಡುವ ಎಸ್ಸಿಲೋರ್ ಲುಕ್ಸೋಟಿಕಾ ಕಂಪನಿಗೆ 150 ಕೋಟಿ ಡಾಲರಿಗೆ ಮಾರಿಬಿಟ್ಟಿತು. 60 ಕೋಟಿ ಡಾಲರ್ ಕಡಿಮೆ ಬೆಲೆಗೆ. ಆ ಕೆಂಪು ಪಟ್ಟಿ ಬಿಳಿ ಅಕ್ಷರದ ಶೈಲಿಯಾದರೂ ಅವರ ಸ್ವಂತದ್ದಲ್ಲ. ಬಾರ್ಬರಾ ಕ್ರೂಗರ್ ಎಂಬ ಕಲಾವಿದೆಯ ಚಿತ್ರಗಳಿಂದ ಬಂದದ್ದು.

“ಅಂಗಡಿ ಶುರು ಮಾಡಿದಾಗ ಹುಡುಗರಿಗೆ ಏನು ಸಿಕ್ಕಿತ್ತು?” ಎಂದೆ.

“ಜಾಗ.”

“ಇವತ್ತು ಈ 150 ಡಾಲರಿಗೆ ಏನು ಸಿಗುತ್ತೆ?”

ಅವನು ಉತ್ತರ ಹೇಳಲಿಲ್ಲ. ಆ ಯುವಕನಿಗೆ ಥ್ಯಾಂಕ್ಸ್ ಹೇಳಿ ಮುಂದೆ ನಡೆದ. ಮುಖ ಮಾತ್ರ ಸಪ್ಪಗಿತ್ತು. ಅಂಗಿ ಸಿಗಲಿಲ್ಲ ಎನ್ನುವುದಕ್ಕಿಂತ, ಮುಂದಿನ ವಾರದ ಮೊದಲ ದಿನ ನೆನಪಾಗಿರಬೇಕು.

ಡಾಂಬರಿನ ಮೈದಾನ

ಅವನ ಪಟ್ಟಿಯಲ್ಲಿ ಇನ್ನೊಂದು ಜಾಗ ಉಳಿದಿತ್ತು, ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕ್. ಬೌರಿಯಿಂದ ಯುವಕರಿಗೆ ಇಪ್ಪತ್ತೈದು ನಿಮಿಷದ ನಡಿಗೆ, ನನ್ನ ಮೊಣಕಾಲಿನ ಲೆಕ್ಕದಲ್ಲಿ ನಲವತ್ತು. ಪಾರ್ಕಿನ ಒಂದು ಮೂಲೆಯಲ್ಲಿ ಡಾಂಬರು ಹಾಕಿದ ಬಯಲು. ಅಲಂಕಾರವೇನೂ ಇಲ್ಲ, ಸುತ್ತ ತಂತಿಬೇಲಿ. ಆದರೆ ಈ ಊರಿನ ಸ್ಕೇಟ್‌ಬೋರ್ಡ್ ಹುಡುಗರು ಹಲವು ದಶಕಗಳಿಂದ ಪಾಠ ಕಲಿತದ್ದು ಈ ಡಾಂಬರಿನ ಮೇಲೆ.

2019ರಲ್ಲಿ ನಗರಾಡಳಿತ ಇದರ ಮೇಲೆ ಕೃತಕ ಹುಲ್ಲು ಹಾಸುವ ಯೋಜನೆ ಹಾಕಿತು. ಹುಲ್ಲಿನ ಮೇಲೆ ಚಕ್ರ ಉರುಳುವುದುಂಟೇ? ಹುಡುಗರು ಮನವಿ ಪತ್ರ ಬರೆದರು. 30 ಸಾವಿರಕ್ಕೂ ಹೆಚ್ಚು ಸಹಿ ಕೂಡಿದವು. ನಗರಾಡಳಿತ ಯೋಜನೆ ಕೈಬಿಟ್ಟಿತು. ಅಂಗಿಯ ಮೇಲಿನ ಸಹಿಗಳ ಕಥೆ ಕೇಳಿ ಕೇಳಿ ದಣಿದಿದ್ದ ನನಗೆ, ಕಾಗದದ ಮೇಲಿನ ಈ ಸಹಿಗಳ ಕಥೆ ಹಿಡಿಸಿತು.

ನಾನು ಬೆಂಚಿನ ಮೇಲೆ ಕಾಲು ಚಾಚಿದೆ. ಮೊಮ್ಮಗ ಬೇಲಿ ಹಿಡಿದು ನಿಂತ. ಬಿದ್ದೆದ್ದು ಆಡುತ್ತಿದ್ದವರಲ್ಲಿ ಹತ್ತು ವರ್ಷದವರೂ ಇದ್ದರು, ನಲವತ್ತರವರೂ ಇದ್ದರು. ಯಾರಾದರೂ ಕಷ್ಟದ ಹಾರಿಕೆ ಸಾಧಿಸಿದರೆ ಉಳಿದವರು ತಮ್ಮ ಹಲಗೆಯನ್ನು ನೆಲಕ್ಕೆ ಕುಟ್ಟುತ್ತಾರೆ. ಅದೇ ಅವರ ಚಪ್ಪಾಳೆ. ಅರ್ಧ ಗಂಟೆಯ ಮೇಲೆ ಒಬ್ಬ ಹುಡುಗಿ ನೀರು ಕುಡಿಯಲು ಬಂದವಳು ಮೊಮ್ಮಗನ ಎದೆ ನೋಡಿ, ಅದು ಯಾವ ಬ್ರ್ಯಾಂಡು ಎಂದು ಕೇಳಿದಳು.

“ಬ್ರ್ಯಾಂಡ್ ಅಲ್ಲ, ನಮ್ಮ ಭಾಷೆ” ಎಂದ.

ಅವಳು ತನ್ನ ಹೆಸರು ಅದರಲ್ಲಿ ಹೇಗೆ ಬರೆಯುತ್ತಾರೆ ಎಂದಳು. ಅವನು ಬೇಲಿಯಾಚೆಯಿಂದಲೇ ಎದೆಯ ಮೇಲಿನ ಒಂದೊಂದು ಅಕ್ಷರಕ್ಕೆ ಬೆರಳಿಟ್ಟು ತೋರಿಸಿದ. ಒತ್ತಕ್ಷರಕ್ಕೆ ಬಂದಾಗ ತಡವರಿಸಿ, “ತಾತ!” ಎಂದು ಕೂಗಿದ. ಮತ್ತೊಂದು ಗಳಿಗೆಗೆ ಅವಳ ಹಲಗೆಯ ಮೇಲೆ ನಿಂತಿದ್ದ, ಇನ್ನೊಂದು ಗಳಿಗೆಗೆ ನೆಲದ ಮೇಲಿದ್ದ. ಮೊಣಕೈ ತರಚಿತು. ನಾಲ್ಕು ಹಲಗೆಗಳು ನೆಲಕ್ಕೆ ಕುಟ್ಟಿದವು. ಮೊದಲ ಸಲ ಬಿದ್ದವನಿಗೂ ಅಲ್ಲಿ ಚಪ್ಪಾಳೆಯುಂಟು.

ಆ 60 ಡಾಲರಿನಲ್ಲಿ ಅವನು ಹಳೆಯದೊಂದು ಸ್ಕೇಟ್‌ಬೋರ್ಡ್ ಕೊಂಡ. ಶಾಲೆಯ ಮೊದಲ ದಿನವೇ ಗೆಳೆಯರು ಮುತ್ತಿಕೊಂಡರು ಎಂದು ಬರೆದರೆ ಸುಳ್ಳಾದೀತು. ಸೆಪ್ಟೆಂಬರ್ ಪೂರ್ತಿ ಒಬ್ಬನೇ ಊಟಕ್ಕೆ ಕೂತ. ಅಕ್ಟೋಬರಿನಲ್ಲಿ ಶಾಲೆಯ ಹಿಂದಿನ ಕಾರು ನಿಲ್ಲಿಸುವ ಜಾಗದಲ್ಲಿ ಬಿದ್ದೇಳುತ್ತಿದ್ದವನಿಗೆ ಇನ್ನಿಬ್ಬರು ಬೀಳುವವರು ಜೊತೆಯಾದರು. ಈಗ ಫೋನಿನಲ್ಲಿ ಮಾತಾಡುವಾಗ ಅವರ ಸುದ್ದಿಯೇ ಹೆಚ್ಚು.

ಮಕ್ಕಳೇ, ನಿಮಗೊಂದು ಕೆಲಸ ಕೊಡುತ್ತೇನೆ. ಈ ವಾರ ನಿಮ್ಮ ಬೀದಿಯ ಅಂಗಡಿಗಳನ್ನು ಸುಮ್ಮನೆ ಗಮನಿಸಿ: ದರ್ಜಿ ಅಂಗಡಿ, ಸೈಕಲ್ ಷಾಪು, ಕ್ಷೌರದ ಅಂಗಡಿ, ದಿನಸಿ ಅಂಗಡಿ ಯಾವುದಾದರೂ ಸರಿ. ಏನೂ ಕೊಳ್ಳದೆ ಅಲ್ಲಿ ಕುಳಿತಿರುವವರು ಎಷ್ಟು ಜನ, ಅವರನ್ನು ಏಳಿ ಎನ್ನದವರು ಯಾರು ಎಂದು ಬರೆದಿಟ್ಟುಕೊಳ್ಳಿ. ಅಜ್ಜ ಅಜ್ಜಿಯರಿಗೆ ತೋರಿಸಿ. ಅವರ ಕಾಲದಲ್ಲಿ ಆ ಜಗಲಿಯಲ್ಲಿ ಯಾರು ಕೂರುತ್ತಿದ್ದರು ಎಂದು ಅವರು ಹೇಳುತ್ತಾರೆ.